ಬೆಲ್ಟಿನ ತೂತುಗಳು

ಕೀ ಕೊಡೋ ಹಳೇ ವಾಚುಗಳ ಹುಚ್ಚು ನನಗೆ. ಕಾರ್ಖಾನೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಒಬ್ಬರು ಅಮ್ಮ ಆತನ ವಾಚು ಮಾರ್ತಿದ್ದಾರೆ ಅಂತ ಗೊತ್ತಾಗಿ, ಶಿವಮೊಗ್ಗದಿಂದ ಭದ್ರಾವತಿಯ ನ್ಯೂ ಟೌನಿಗೆ ಹೋಗಿದ್ದೆ.

ವಾಚೇನೋ ಚೆನ್ನಾಗಿತ್ತು. ಚರ್ಮದ ಬೆಲ್ಟಿನಲ್ಲಿ ಮಾತ್ರ ಮಾಮೂಲಿ ತೂತುಗಳು ಮುಗಿದ ಮೇಲೆ, ವಾಚಿನ ಕಡೆಗೆ ಇನ್ನೂ ನಾಲ್ಕು ಸೊಟ್ಟ ತೂತುಗಳಿದ್ದವು.

"ಯಾರೋ ಬೆಲ್ಟ್ ಹಾಳು ಮಾಡಿದ್ದಾರಮ್ಮ. ಇದನ್ನ ಬಿಸಾಕಿ ಹೊಸದು ಹಾಕಿಸ್ಕೋತೀನಿ," ಅಂದೆ, ದೊಡ್ಡ ತಿಳಿದವನ ಹಾಗೆ.

"ಕಾಯಿಲೆ ಬಿದ್ದ ಮೇಲೆ ಅವರ ಕೈ ಸಣ್ಣ ಆಗ್ತಾ ಹೋಯ್ತು. ತಿಂಗಳಿಗೊಂದು ತೂತು, ನಾನೇ ದಬ್ಬಳ ಕಾಯಿಸಿ ಹಾಕ್ತಿದ್ದೆ," ಅಂದರು ಅವರು. "ವಾಚು ತಗೊಂಡು ಹೋಗಿ. ಬೆಲ್ಟ್ ಬಿಚ್ಚಿ ಇಲ್ಲಿ ಕೊಡಿ."

ಆ ವಾಚಿಗೆ ಹೊಸ ಬೆಲ್ಟ್ ಹಾಕಿಸಿ ನಾನೇ ಕಟ್ಟಿಕೊಳ್ತಿದ್ದೀನಿ. ತೂಕ ಇಳಿಸಿ ಅಂತ ಡಾಕ್ಟರು ಬೈತಾನೇ ಇರ್ತಾರೆ. ಮೊನ್ನೆ ವಾಚಿನ ಬೆಲ್ಟನ್ನ ಒಂದು ತೂತು ಬಿಗಿ ಮಾಡಬೇಕಾಯ್ತು. ಖುಷಿಯೇನೂ ಆಗಲಿಲ್ಲ.