ದೀಪದ ಹೊತ್ತಿನ ಬಾಗಿಲು

ಮಗಳು ಆ ಪ್ರಶ್ನೆ ಕೇಳಿದಾಗ ನಾನು ಜೋಳದ ಕಡಕ್ ರೊಟ್ಟಿಗಳನ್ನು ಒಣಗಲೆಂದು ಬಟ್ಟೆಯ ಮೇಲೆ ಹರಡುತ್ತಿದ್ದೆ.

"ಅವ್ವ, ಹೊರಗ ಸಾವು ನಿಂತೈತಿ ಅಂತ ಗೊತ್ತಿದ್ದೂ ಒಬ್ಬಾಕಿ ಹೆಣ್ಮಗಳು ಬಾಗಲಾ ಯಾಕ ತಗೀತಾಳ?"

ನಾಲ್ಕು ವರ್ಷಗಳಿಂದ ಕಾದಿದ್ದ ಮಾತು ಬಂದೇಬಿಟ್ಟಿತು ಅಂದುಕೊಂಡೆ. ಆದರೆ ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಅವಳ ಕಣ್ಣು ಲ್ಯಾಪ್‌ಟಾಪಿನ ಮೇಲಿತ್ತು. ಕೇಳಿದ್ದು ಅವಳ ಕೆಲಸಕ್ಕೆ ಬೇಕಾದ ಪ್ರಶ್ನೆ.

ಅವಳು ಪುಣೆಯಲ್ಲಿದ್ದು ಮರಾಠಿ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುತ್ತಾಳೆ. ಹೊರದೇಶದ ಒಂದು ವಿಡಿಯೋ ಆಟವನ್ನು ಟಿವಿ ನಾಟಕ ಮಾಡುವವರು ಅವಳನ್ನು ಕರೆದಿದ್ದರು. ಕಥೆಯನ್ನು ನಮ್ಮ ಕಡೆಗೇ ತಂದಿದ್ದರು. ಸೋಲಾಪುರದ ಮುಚ್ಚಿದ ಗಿರಣಿಯ ಚಿಮಣಿ, ಬೋರಾಮಣಿಯ ಹುಲ್ಲುಬಯಲು, ಎಲ್ಲ ಅದರಲ್ಲಿತ್ತು. ಲೋಕ ಮುಳುಗಿದ್ದು ತೋರಿಸಲಿಕ್ಕೆ ನಮ್ಮ ಊರೇ ಸಿಕ್ಕಿತೇನು ಎಂದು ನಾನು ಕೇಳಿದ್ದೆ. ಖರ್ಚು ಕಡಿಮೆ, ಇಲ್ಲಿ ಹೆಚ್ಚೇನೂ ಕೆಡಿಸಬೇಕಾಗಿಲ್ಲ ಎಂದು ನಕ್ಕಿದ್ದಳು. ಆ ನೆಪದಲ್ಲಿ ಎರಡು ತಿಂಗಳು ನನ್ನ ಜೊತೆ ಮನೆಯಲ್ಲಿದ್ದಳು. ಅದೊಂದು ಕೃಪೆ.

ಆಟ ನನಗೂ ಹೊಸದಲ್ಲ. ಜ್ವರವೊಂದು ಬಂದು ಲೋಕ ಮುಗಿದುಹೋಗಿದೆ, ಉಳಿದವರು ಕೆಲವರೇ. ಜ್ವರ ತಲೆಗೇರಿದವರು ಹಗಲಲ್ಲಿ ಎಲ್ಲೋ ಬಿದ್ದಿದ್ದು, ಹೊತ್ತು ಮುಳುಗಿದ ಮೇಲೆ ಬೆಳಕು ಕಂಡಲ್ಲಿಗೆ ನುಗ್ಗುತ್ತಾರೆ. ಆದ್ದರಿಂದ ಹೊತ್ತು ಮುಳುಗುವ ಮೊದಲು ಬಾಗಿಲು ಹಾಕಿಕೊಳ್ಳಬೇಕು. ಮೊದಲನೆಯ ಲಾಕ್‌ಡೌನಿನಲ್ಲಿ ಮಗಳು ಇದನ್ನು ಹಗಲೆಲ್ಲ ಆಡುತ್ತಿದ್ದಳು. ನಮ್ಮವರು, ಅವಳ ಅಪ್ಪ, ಕಚೇರಿಯ ಕಾರಕೂನರು, ಪೇಪರ್ ಬಿಟ್ಟು ಬೇರೇನೂ ನೋಡದವರು. ಎಂಟು ದಿನ ಬೈದು ಒಂಬತ್ತನೆಯ ದಿನ ಅವಳ ಪಕ್ಕದಲ್ಲಿ ಹೋಗಿ ಕುಳಿತರು. "ಎಡಕ್ಕ ನೋಡು, ಎಡಕ್ಕ" ಎಂದು ದಾರಿ ಹೇಳತೊಡಗಿದರು. ಹೊರಗೆ ನಿಜವಾಗಿ ಮಂದಿ ಸಾಯುತ್ತಿರುವಾಗ ಮನೆಯೊಳಗೂ ಹೆಣ ನೋಡುತ್ತೀರಲ್ಲ ಎಂದು ನಾನು ಅಡುಗೆಮನೆಯಿಂದ ಗೊಣಗಿದರೆ, ಇಲ್ಲಿ ಸತ್ತವರು ಬಟನ್ ಒತ್ತಿದರೆ ಏಳುತ್ತಾರೆ ಅನ್ನುತ್ತಿದ್ದರು.

ಆ ಆಟದಲ್ಲಿ ಒಂದು ಮನೆ ಬರುತ್ತದೆ. ಆಟದುದ್ದಕ್ಕೂ ದಾರಿ ನಡೆಯುವ ಹುಡುಗಿ ಒಳಗೆ ಹೋದರೆ ನಾಲ್ಕು ಹೆಣ, ಒಲೆಯ ಮೇಲೆ ಒಂದು ಪಾತ್ರೆ. ಬಾಗಿಲು ಮುರಿದಿಲ್ಲ, ಒಳಗಿನಿಂದ ತೆರೆದಿದೆ. ಯಾಕೆ ಎಂದು ಆಟ ಹೇಳುವುದಿಲ್ಲ. ಆಡುವವರು ಸುಮ್ಮನೆ ಮುಂದೆ ಹೋಗುತ್ತಾರೆ. ಟಿವಿ ನೋಡುವವರು ಹಾಗೆ ಹೋಗುವುದಿಲ್ಲ, ಯಾರು ತೆಗೆದರು ಎಂದು ಕೇಳುತ್ತಾರೆ ಎಂದು ನಿರ್ದೇಶಕರು ಅವಳ ಬೆನ್ನು ಹತ್ತಿದ್ದರು. ಮುಂಬೈಯಲ್ಲಿ ಕುಳಿತು ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದ್ದರಂತೆ. ಕಳ್ಳನೊಬ್ಬ ಮೋಸ ಮಾಡಿದ, ಆ ಹೆಂಗಸಿಗೆ ಹುಚ್ಚು ಹಿಡಿಯಿತು, ಇಂಥವು.

ನಾನು ರೊಟ್ಟಿ ತಿರುವಿಹಾಕುತ್ತ, ವಿಚಾರ ಮಾಡದೆ ಹೇಳಿಬಿಟ್ಟೆ: "ದೀಪ ಹಚ್ಚೂ ಹೊತ್ತಾಗಿರಬೇಕು."

ಮಗಳ ಬೆರಳು ನಿಂತವು. ನನ್ನ ಕೈಯೂ ನಿಂತಿತು.

ದೀಪ ಹಚ್ಚುವಾಗ ತಲಬಾಗಿಲು ಹಾಕಿರಬಾರದು. ಲಕ್ಷ್ಮಿ ಬರುವ ಹೊತ್ತು ಅದು. ಅಕ್ಕಲಕೋಟದ ನನ್ನ ತವರಿನಲ್ಲಿ ಅಜ್ಜಿ ಜ್ವರದಿಂದ ನಡುಗುತ್ತಿದ್ದಾಗಲೂ ಎದ್ದು ಬಂದು ಅಗಳಿ ತೆಗೆದು ಮಲಗುತ್ತಿದ್ದಳು. ನನಗೆ ಅದು ನೇಮವೆಂದೂ ಅನ್ನಿಸಿರಲಿಲ್ಲ. ಕೈಗೆ ಅಂಟಿದ ಚಟ, ಅಷ್ಟೇ.

ಎರಡನೆಯ ಅಲೆಯ ವರ್ಷವೂ ನನ್ನ ಕೈ ಬಿಡಲಿಲ್ಲ. ದಿನವಿಡೀ ಬಾಗಿಲು ಹಾಕಿಕೊಂಡು, ಹಾಲಿನ ಪಾಕೀಟನ್ನೂ ತೊಳೆಯುತ್ತಿದ್ದ ನಾನು, ಸಂಜೆ ಬತ್ತಿ ಹೊತ್ತಿಸುವಷ್ಟು ಹೊತ್ತು ಬಾಗಿಲು ತೆಗೆಯುತ್ತಿದ್ದೆ. ಎದುರುಮನೆಯಾಕೆಯ ಗಂಡನನ್ನು ಆಗಲೇ ದವಾಖಾನೆಗೆ ಒಯ್ದಿದ್ದರು. ಆಕೆ ನಮ್ಮ ದೀಪ ಕಂಡೊಡನೆ ಬಂದು ಹೊಸ್ತಿಲ ಹೊರಗೆ ನಿಂತು ಕೈಮುಗಿಯುತ್ತಿದ್ದಳು. ಒಂದು ದಿನ ಅಕ್ಕಲಕೋಟದ ಸ್ವಾಮಿಗಳ ಮಠದ ಅಂಗಾರದ ಬೂದಿ ಚಿಟಿಕೆಯಷ್ಟು ಕೊಡು ಅಂದಳು. ಕೊಟ್ಟೆ. ನಾನೇ ಅವಳ ಹಣೆಗೆ ಹಚ್ಚಿದೆ. ಒಳಗಿನಿಂದ ಮಗಳು, "ಅವ್ವ, ಬಾಗಲಾ ಹಾಕು" ಎಂದಳು, ಒಂದೇ ಸಲ. ನಾಲ್ಕು ದಿನಕ್ಕೆ ಎದುರುಮನೆಯಾಕೆ ಮಲಗಿದಳು, ಆರನೆಯ ದಿನಕ್ಕೆ ನಮ್ಮವರು. ಆಕೆ ಉಳಿದಳು. ನಮ್ಮವರು ಉಳಿಯಲಿಲ್ಲ.

ಔಷಧಿ ಅಂಗಡಿಗೆ ಅವರೂ ಹೋಗಿಬಂದಿದ್ದರು. ರೋಗ ಎಲ್ಲಿಂದ ಬಂತೆಂದು ಯಾರೂ ಹೇಳಲಾರರು ಎಂದು ಡಾಕ್ಟರೂ ಹೇಳಿದ್ದರು. ನಾನು ನನಗೆ ಸಿಕ್ಕ ಉಪಕಾರಗಳನ್ನಷ್ಟೇ ಹಿಡಿದುಕೊಂಡೆ. ಅವರಿಗೆ ಹಾಸಿಗೆ ಸಿಕ್ಕಿತು. ವಾರ್ಡಿನ ನರ್ಸ್ ಮಂದ್ರೂಪದ ಹುಡುಗಿ, ಅವರ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದಳು. ಕೊನೆಯ ದಿನ ಎರಡು ಚಮಚ ಗಂಜಿ ಕುಡಿದರು ಎಂದು ಅವಳೇ ಫೋನಿನಲ್ಲಿ ಹೇಳಿದಳು. ಮುಖ ನೋಡಲು ಸಿಗಲಿಲ್ಲ.

ಅಂದಿನಿಂದ ನಾನು ಮೊದಲು ಅಗಳಿ ಹಾಕಿ ಆಮೇಲೆ ದೀಪ ಹಚ್ಚುತ್ತಿದ್ದೆ. ಮಗಳು ಅದನ್ನು ನೋಡಿದ್ದಳು. ನಿನ್ನಿಂದ ಅಪ್ಪ ಹೋದರು ಎಂದು ಅವಳು ಒಮ್ಮೆಯೂ ಅನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಪುಣೆಯಿಂದ ಅವಳ ಫೋನು ಬಂದಾಗಲೆಲ್ಲ ಇವತ್ತು ಅಂದಾಳೇನೋ ಎಂದು ಕಾಯುತ್ತಿದ್ದೆ.

ದೀಪದ ಹೊತ್ತಿನ ಕಾರಣ ನಿರ್ದೇಶಕರಿಗೆ ಹಿಡಿಸಿತು. ಮಗಳು ಎಂಟು ದಿನ ಕುಳಿತು ಬರೆದಳು. ನನಗೆ ಮರಾಠಿ ಓದಲು ಬರುತ್ತದೆ, ಆದರೆ ಏನು ಬರೆದೆ ಎಂದು ಕೇಳಲಿಲ್ಲ. ಹೆದರಿಕೆ.

ಬೋರಾಮಣಿಯ ಹುಲ್ಲಿನಲ್ಲಿ ಮೂರು ಗೋಡೆಯ ಮನೆ ಕಟ್ಟಿ ಶೂಟಿಂಗ್ ಇಟ್ಟರು. ತಾಯಿಯ ಪಾತ್ರ ಮಾಡುವಾಕೆಗೆ ನಮ್ಮ ಕಡೆಯ ರೀತಿ ಗೊತ್ತಿಲ್ಲ, ನೀನೇ ಬಂದು ತೋರಿಸು ಎಂದು ಮಗಳು ನನ್ನನ್ನೂ ಕರೆದುಕೊಂಡು ಹೋದಳು. ಆಟದಲ್ಲಿ ಎಲ್ಲರೂ ಡಬ್ಬಿಯ ಊಟ ತಿನ್ನುತ್ತಾರೆ. ಮಗಳು ಅದನ್ನು ತೆಗೆದು ನನ್ನ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇಡಿಸಿದ್ದಳು. ಅಲ್ಲಿಯ ಹುಡುಗಿಯೊಬ್ಬಳು ಹಳೆಯದಾಗಿ ಕಾಣಲೆಂದು ರೊಟ್ಟಿಗೆ ಮಣ್ಣು ಉಗ್ಗುತ್ತಿದ್ದಳು. ಅನ್ನಕ್ಕೆ ಮಣ್ಣು ಹಾಕುವುದನ್ನು ನೋಡಲಾರದೆ ಮುಖ ತಿರುಗಿಸಿದೆ. "ಬಿಡವ್ವ, ಲೋಕ ಮುಳುಗಿದ್ರೂ ನಿನ್ನ ರೊಟ್ಟಿ ಮುರಿಯೂದಿಲ್ಲ" ಎಂದು ಮಗಳು ಚೇಷ್ಟೆ ಮಾಡಿದಳು.

ನಟಿ ಹೆದರಿ ಹೆದರಿ ಬಾಗಿಲು ತೆಗೆಯುತ್ತಿದ್ದಳು. ಕೈ ನಡುಗುತ್ತಿತ್ತು, ಕಣ್ಣಲ್ಲಿ ನೀರು. ಎಲ್ಲರೂ ಮೆಚ್ಚಿದರು. ನನಗೆ ತಡೆಯಲಾಗಲಿಲ್ಲ. ಹಾಗಲ್ಲವ್ವ ಎಂದು ಹೇಳಿದೆ. ಹೆದರಿದವಳು ತೆಗೆಯುವುದೇ ಇಲ್ಲ. ಬಲಗೈಯಲ್ಲಿ ಬೆಂಕಿಕಡ್ಡಿ ಇರುತ್ತದೆ, ಎಡಗೈ ತಾನಾಗಿ ಅಗಳಿಗೆ ಹೋಗುತ್ತದೆ, ಮನಸ್ಸು ಬತ್ತಿಯ ಮೇಲಿರುತ್ತದೆ. ತೆಗೆದದ್ದು ಗೊತ್ತೇ ಆಗುವುದಿಲ್ಲ. ನಾನೇ ಆ ಸುಳ್ಳು ಮನೆಯೊಳಗೆ ಹೋಗಿ ಮಾಡಿ ತೋರಿಸಿದೆ. ನಾಲ್ಕು ವರ್ಷಗಳ ಮೇಲೆ ದೀಪ ಹಚ್ಚಲೆಂದು ಬಾಗಿಲು ತೆಗೆದದ್ದು ಅಲ್ಲಿ. ಎದುರಿಗೆ ಹುಲ್ಲು, ಕ್ಯಾಮೆರಾ, ಮುಖಕ್ಕೆ ಬೂದಿ ಬಳಿದುಕೊಂಡು ಚಹಾ ಕುಡಿಯುತ್ತ ನಿಂತ ಮಂದಿ.

ಆಟದಲ್ಲಿ ನಾಲ್ಕು ಹೆಣ. ನಾಟಕದಲ್ಲಿ ನನ್ನ ಮಗಳು ಒಂದನ್ನು ಉಳಿಸಿದ್ದಳು. ಆ ಮನೆಯ ಮಗಳು ಜೋಳದ ಕಣಜದಲ್ಲಿ ಅಡಗಿ ಬದುಕಿರುತ್ತಾಳೆ. ದಾರಿ ನಡೆಯುವ ಹುಡುಗಿ ಬಂದಾಗ ನಡೆದದ್ದನ್ನು ಹೇಳುತ್ತಾಳೆ. ಮಧ್ಯಾಹ್ನದ ಮೇಲೆ ಆ ದೃಶ್ಯ ತೆಗೆದರು. ಮರಾಠಿಯಲ್ಲಿದ್ದ ಮಾತನ್ನು ನನಗೆ ನೆನಪಿದ್ದಂತೆ ಬರೆಯುತ್ತೇನೆ:

"ಅವ್ವ ಬಾಗಿಲು ತೆಗೆದಾಗ ನಾನು ಹಿಂದೆಯೇ ನಿಂತಿದ್ದೆ. ಕೈ ಚಾಚಿದ್ದರೆ ಹಾಕಬಹುದಿತ್ತು. ಎಷ್ಟೋ ದಿನದ ಮೇಲೆ ಸಂಜೆಯ ಗಾಳಿ ಮುಖಕ್ಕೆ ಬಡಿದಿತ್ತು. ಇನ್ನೊಂದು ನಿಮಿಷ ಇರಲಿ ಅನ್ನಿಸಿತು."

ಆ ಮಾತು ಟಿವಿಯಲ್ಲಿ ಬರಲಿಲ್ಲ. ದೃಶ್ಯ ಉದ್ದವಾಯಿತೆಂದು ಆಮೇಲೆ ತೆಗೆದುಹಾಕಿದರಂತೆ. ಅದನ್ನು ಹೇಳಿದ ದಿನ ನಾನು ಅಲ್ಲೇ ಇದ್ದೆನಲ್ಲ, ಅದು ಸ್ವಾಮಿಯ ಕೃಪೆ.

ಸೋಲಾಪುರಕ್ಕೆ ಮರಳುವಾಗ ಜೀಪಿನ ಹಿಂದಿನ ಸೀಟಿನಲ್ಲಿ ನಾವಿಬ್ಬರೇ ಇದ್ದೆವು. ಡ್ರೈವರನಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಕೇಳಿಯೇಬಿಟ್ಟೆ. ನನ್ನ ಮೇಲೆ ಸಿಟ್ಟು ಐತೇನು ಎಂದೆ.

ಅವಳು ಒಮ್ಮೆ ಡ್ರೈವರನ ಕಡೆ ನೋಡಿದಳು. ಆಮೇಲೆ, "ಒಂದ ವರ್ಷ ನಿನ್ನ ಮ್ಯಾಲ ಭಾಳ ಸಿಟ್ಟಿತ್ತವ್ವ" ಎಂದಳು. "ಈಗ ನಮ್ಮಿಬ್ಬರ ಮ್ಯಾಲೂ ಐತಿ."

ಸುಳ್ಳು ಹೇಳಿ ಸಮಾಧಾನ ಮಾಡಲಿಲ್ಲ. ನನ್ನ ಎದೆಯ ಭಾರ ಇಳಿಯಲಿಲ್ಲ, ಆದರೆ ಅದರ ಇನ್ನೊಂದು ತುದಿಯನ್ನು ಇವಳು ಇಷ್ಟು ದಿನ ಒಬ್ಬಳೇ ಹೊತ್ತಿದ್ದಳೆಂದು ಗೊತ್ತಾಯಿತು. ಅದು ನನ್ನ ಭಾರಕ್ಕಿಂತ ಕೆಟ್ಟದ್ದು. ಅವಳ ಕೈ ಹಿಡಿದುಕೊಂಡೆ. ಅಪ್ಪ ಹೋದ ಮೇಲೆ ಆ ಆಟವನ್ನು ಮತ್ತೆ ಮತ್ತೆ ಆಡಿದಳಂತೆ. ಆ ಮನೆಗೆ ಬೇಗ ಮುಟ್ಟಿದರೆ ಏನಾದರೂ ಆದೀತೇನೋ ಎಂದು ಓಡಿಸಿಕೊಂಡು ಹೋಗುತ್ತಿದ್ದಳಂತೆ.

"ಎಷ್ಟ ಸಲ ಹೋದ್ರೂ ತೆರದೇ ಇರ್ತೈತಿ. ಆ ಬಾಗಲಾ ಹಾಕಾಕ ಬಟನ್ನೇ ಇಟ್ಟಿಲ್ಲವ್ವ ಅವ್ರು."

ಮನೆ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಎದುರುಮನೆಗೆ ಬೀಗ. ಆಕೆ ಈಗ ಹನ್ನೂರಿನಲ್ಲಿ ತಮ್ಮನ ಜೊತೆ ಇದ್ದಾಳೆ. ಕಾಲು ತೊಳೆದು ದೇವರ ಮುಂದೆ ಕುಳಿತು ಬತ್ತಿ ಹೊಸೆದೆ. ಮಗಳು ಚಪ್ಪಲಿ ಬಿಟ್ಟು ಒಳಗೆ ಬಂದು, ಮನೆಯ ನಾಲ್ಕು ವರ್ಷದ ರೂಢಿಯಂತೆ ಅಗಳಿಗೆ ಕೈಯಿಟ್ಟಳು. ಹಾಗೇ ನಿಂತಳು.

"ಹಾಕಲೇನವ್ವ?"

ನಾನು ಎಣ್ಣೆ ಹಾಕುತ್ತಿದ್ದೆ.

"ತಡಿ" ಎಂದೆ. "ಇನ್ನೂ ಕಡ್ಡಿ ಗೀರಿಲ್ಲ."