ಮಾವನ ಕೆಮ್ಮು

ನಮ್ಮ ಮಾವ ಮನೆಗೆ ಬರುವ ಮೊದಲು ಅವರ ಕೆಮ್ಮು ಬರುತ್ತಿತ್ತು. ಗೇಟಿನ ಚಿಲಕ ತೆಗೆಯುವಾಗ ಒಂದು ಸಲ, ಚಪ್ಪಲಿ ಬಿಡುವಾಗ ಇನ್ನೊಂದು ಸಲ, ಬಾಗಿಲ ಪರದೆ ಸರಿಸುವ ಮುಂಚೆ ದೊಡ್ಡದಾಗಿ ಮತ್ತೊಂದು ಸಲ. ಬೀದಿಯ ಆ ತುದಿಯಲ್ಲಿ ಮಲಗಿದ ನಾಯಿಯೂ ಎದ್ದು ಕೂರಬೇಕು, ಹಾಗೆ. ನನ್ನ ಮಗಳು ಸಿರಿ "ತಾತ ಬಂತು" ಎಂದು ಕುಣಿಯುತ್ತಿದ್ದಳು. ನಾನು ಒಳಗೆ ಹಲ್ಲು ಕಡಿಯುತ್ತಿದ್ದೆ.

ಮಾವ ಶಿಕಾರಿಪುರದಲ್ಲಿ ಬೀಜ-ಗೊಬ್ಬರದ ಅಂಗಡಿ ನಡೆಸಿದವರು. ನಾನು ಮದುವೆಯಾಗಿ ಬರುವ ಹೊತ್ತಿಗೆ ಅತ್ತೆ ತೀರಿಕೊಂಡಿದ್ದರು, ಅಂಗಡಿ ನನ್ನ ಗಂಡ ಮಂಜುನಾಥರ ಕೈಗೆ ಬಂದಿತ್ತು. ಮಾವ ಎತ್ತರದ ಆಳು, ಬಿಳಿ ಪಂಚೆ, ಚಳಿ ಶುರುವಾಯಿತೆಂದರೆ ತಲೆಗೊಂದು ಕಂದು ಮಫ್ಲರು. ಮಾತು ಕಡಿಮೆ. ನಾನು ಸಾರಿಗೆ ಉಪ್ಪು ಮರೆತ ದಿನ "ಇವತ್ತು ಸಾರು ಭಾಳ ಮೆತ್ತಗೈತವ್ವ" ಎಂದರು. ನನ್ನನ್ನು ಅವರು ಬೈದದ್ದು ಅಂತಿದ್ದರೆ ಅದೊಂದೇ.

ಸಿರಿ ಅಂಬೆಗಾಲಿಡುತ್ತಿದ್ದಾಗಿನ ಮಾತು. ಮಾಗಿಯ ಬೆಳಗು, ಜಗಲಿಯ ಮೇಲೆ ಆಗಷ್ಟೇ ಎಳೆಬಿಸಿಲು ಬಿದ್ದಿತ್ತು. ಇವರು ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಹೊಟ್ಟೆಗೆ ಮುಖ ಒತ್ತಿ ನಗಿಸುತ್ತಿದ್ದರು. ಮಾವ ಹಿತ್ತಲ ಕಡೆಯಿಂದ ಸದ್ದಿಲ್ಲದೆ ಬಂದರು. ಅಪ್ಪನನ್ನು ಕಂಡದ್ದೇ ತಡ, ಇವರು ಬೆಂಕಿ ಮುಟ್ಟಿದವರ ಹಾಗೆ ಮಗುವನ್ನು ಜಗಲಿಯ ಅಂಚಿಗೇ ಬಿಟ್ಟು ಪೇಪರು ಹಿಡಿದರು. ಸಿರಿ ಉರುಳಿ ಕೆಳಗೆ ಬಿದ್ದಳು, ಹಣೆಯ ಮೇಲೆ ಬುಗುಟೆ ಬಂತು. "ಕೈ ಜಾರ್ತು ಕಣೇ" ಎಂದರು ಇವರು. ಮಾವನ ಮುಖ ಸಣ್ಣದಾಯಿತು. ಬಂದ ದಾರಿಯಲ್ಲೇ ವಾಪಸು ಹೋದರು. ಮೊಮ್ಮಗಳು ಕಿರುಚಿ ಅಳುತ್ತಿದ್ದರೂ ತಿರುಗಿ ನೋಡಲಿಲ್ಲವಲ್ಲ, ಎಂಥ ಕಲ್ಲೆದೆಯ ಮನುಷ್ಯನಪ್ಪಾ ಎಂದುಕೊಂಡೆ. ಮಾವನ ಕೆಮ್ಮು ಶುರುವಾದದ್ದು ಆ ಚಳಿಗಾಲದಲ್ಲೇ.

ಹೋದ ವರ್ಷದ ಚಳಿಗೆ ನಮ್ಮ ಮಗ ತೇಜು ಎಂಟು ತಿಂಗಳ ಕೂಸು. ಅಂಜನಾಪುರ ಜಲಾಶಯದ ನೀರಿನ ಮೇಲಿಂದ ಬೀಸುವ ಗಾಳಿಗೆ ಅವನ ಎದೆ ಗೊರಗೊರ ಎನ್ನತೊಡಗಿತು. ಓಮಿನಕಾಳು ಹುರಿದು ಬಟ್ಟೆಯಲ್ಲಿ ಕಟ್ಟಿ ಕಾವು ಕೊಟ್ಟೆ, ವೀಳ್ಯದೆಲೆ ಬಿಸಿ ಮಾಡಿ ಎದೆಗೆ ಹಚ್ಚಿದೆ, ಎರಡು ಸ್ವೆಟರು ಹಾಕಿದೆ. ಕಡೆಗೆ ಡಾಕ್ಟರ ಹತ್ತಿರ ಹೋದಾಗ ಅವರು, "ಕೆಮ್ಮು ಇರೋರನ್ನ ಹತ್ತಿರ ಬಿಡಬೇಡಿ" ಎಂದರು. ನನಗೆ ಅಷ್ಟೇ ಸಾಕಾಯಿತು.

ಅಯ್ಯೋ, ನನ್ನ ದರ್ಬಾರು ಆಗ ನೋಡಬೇಕಿತ್ತು! ಮಾವನಿಗೆ ಮಾಸ್ಕು, ಬೇರೆ ಲೋಟ, ಬೇರೆ ಟವೆಲು, ದಿನಾ ಎರಡು ಹೊತ್ತು ಮೆಣಸು-ಶುಂಠಿ ಕಷಾಯ. ಕೂರುವುದಕ್ಕೆ ಜಗಲಿಯ ಆ ಕಡೆಯ ಮೂಲೆ. ಅಲ್ಲಿಗೆ ಬಿಸಿಲು ಬೀಳುತ್ತಿದ್ದುದು ಹತ್ತು ಗಂಟೆಯ ಮೇಲೆ. "ಮಾವ, ಕೂಸಿಗೆ ಹತ್ತಿಬಿಡುತ್ತೆ, ಅಲ್ಲೇ ಇರಿ" ಎಂದರೆ "ಹೂನವ್ವ, ಕೂಸು ಮೊದಲು" ಎಂದು ಕಷಾಯ ಒಂದೇ ಗುಟುಕಿಗೆ ಕುಡಿದು ಲೋಟ ತಾವೇ ತೊಳೆದಿಡುತ್ತಿದ್ದರು. ಅವರು ಊಟಕ್ಕೆ ಕೂತಾಗ ಕೆಮ್ಮುವುದಿಲ್ಲ, ಮಲಗಿದಾಗ ಕೆಮ್ಮುವುದಿಲ್ಲ, ಗೇಟಿನ ಹತ್ತಿರ ಮಾತ್ರ ಕೆಮ್ಮುತ್ತಾರೆ. ಮಕ್ಕಳು ಸೀನಿದರೆ ಅಡುಗೆಮನೆಯಿಂದಲೇ ಯಾರು ಸೀನಿದ್ದೆಂದು ಹೇಳುವ ನನಗೆ ಇದು ಹೊಳೆಯಲಿಲ್ಲ.

ಆ ಮೂಲೆಯಿಂದಲೇ ಮಾವ ಮಫ್ಲರನ್ನು ಮುಖದ ಮೇಲೆ ಎಳೆದುಕೊಳ್ಳುವುದು, ಸರಿಸುವುದು. ಈ ಕಡೆ ನನ್ನ ತೊಡೆಯ ಮೇಲೆ ತೇಜು ಕೇಕೆ ಹಾಕುವುದು. ಒಂದು ದಿನ ನನ್ನ ಕಣ್ಣು ತಪ್ಪಿಸಿ ಅವನು ತೆವಳಿಕೊಂಡು ತಾತನ ಕಡೆ ಹೋಗಿಯೇಬಿಟ್ಟ. ಮಾವ ಕಾಲು ಮೇಲಕ್ಕೆಳೆದುಕೊಂಡು ಗೋಡೆಗೆ ಅಂಟಿ ಕೂತರು. "ಬರಬ್ಯಾಡಪಾ, ನಿಮ್ಮವ್ವ ಬೈತಾಳ" ಎಂದರು. ನಾನು ನಕ್ಕು ಮಗುವನ್ನು ಎತ್ತಿಕೊಂಡು ಬಂದೆ. ಆ ನಗು ನೆನೆದರೆ ಈಗಲೂ ತಲೆ ತಗ್ಗಿಸುವಂತಾಗುತ್ತದೆ.

ಕೆಮ್ಮು ನಿಲ್ಲಲಿಲ್ಲ. "ಚಳಿ ಇಳಿಯೋ ತನಕ ವೇಣಿ ಮನೇಲಿ ಇದ್ದು ಬನ್ನಿ ಮಾವ" ಎಂದೆ. ವೇಣಿ ಅವರ ಮಗಳು, ನನ್ನ ನಾದಿನಿ. ಸೊರಬದಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವಳ ಮನೆ. ಮಾವ ಯಾಕೆ ಎಂದು ಕೇಳಲಿಲ್ಲ. ಚೀಲ ಹಿಡಿದು ಗೇಟಿನ ಆಚೆ ನಿಂತು, "ಕೂಸಿನ ತಲೀಗೆ ಕುಲಾವಿ ಹಾಕದು ಮರೀಬ್ಯಾಡ" ಎಂದು ಹೇಳಿ ಹೊರಟರು.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಎಳ್ಳುಬೆಲ್ಲ ತೆಗೆದುಕೊಂಡು ನಾನೊಬ್ಬಳೇ ಸೊರಬಕ್ಕೆ ಹೋದೆ. ನೋಡಿದರೆ ಮಾವ ವೇಣಿಯ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಾರೆ. ಮಾಸ್ಕಿಲ್ಲ. ಅಂಗಡಿಗೆ ಹೋಗಿಬಂದರು, ಕೆಮ್ಮಲಿಲ್ಲ. ಸಂಜೆಯಾಯಿತು, ಕೆಮ್ಮಲಿಲ್ಲ.

"ಮಾವನ ಕೆಮ್ಮಿಗೆ ಏನು ಔಷಧಿ ಕೊಟ್ಟೆ ವೇಣಿ?" ಎಂದೆ.

"ಅಪ್ಪಾಜಿಗೆ ಎಲ್ಲಿ ಕೆಮ್ಮು ಮಾರಾಯ್ತಿ?" ವೇಣಿ ನಗತೊಡಗಿದಳು. "ಅದು ಅಣ್ಣನಿಗೆ ಗೊತ್ತಾಗ್ಲಿ ಅಂತ ಕೆಮ್ಮದು! ನಮ್ಮನೇಲಿ ಅಪ್ಪನ ಎದುರಿಗೆ ಗಂಡಸ್ರು ತಮ್ಮ ಮಕ್ಕಳನ್ನ ಎತ್ಕೊಳಲ್ಲ, ನಾಚ್ಕೆ. ನಮ್ಮಜ್ಜ ಇರೋ ತನಕ ಅವನ ಎದುರಿಗೆ ಅಪ್ಪಾಜಿ ನನ್ನ ಒಂದಿನ ಎತ್ಕೊಂಡಿಲ್ಲ. ಅಜ್ಜ ಕೆಮ್ಮದೆ ಒಳಗೆ ಬರ್ತಿದ್ದ, ಇವ್ರು ದುಡುದುಡು ಕೆಳಗಿಳಿಸ್ತಿದ್ರು. ನಿಂಗೆ ಯಾರೂ ಹೇಳ್ಲಿಲ್ವ?"

ನಾನು ಶಿವಮೊಗ್ಗದವಳು. ನಮ್ಮಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಜಾರು ಸುತ್ತಿದವರು. ನನಗೆ ಹೇಗೆ ಗೊತ್ತಾಗಬೇಕು? ಸಿರಿ ಬಿದ್ದ ಬೆಳಗು ಕಣ್ಣ ಮುಂದೆ ಬಂತು. ಮಗ ತನ್ನ ಮಗುವನ್ನು ನಿಧಾನಕ್ಕೆ ಕೆಳಗಿಳಿಸಲಿ, ಗಾಬರಿಯಲ್ಲಿ ಬೀಳಿಸದಿರಲಿ ಎಂದು ಕೆಮ್ಮಿದವರಿಗೆ ನಾನು ಒಂದಿಡೀ ಚಳಿಗಾಲ ಕಷಾಯ ಕುಡಿಸಿ, ಮೊಮ್ಮಗನನ್ನು ಮುಟ್ಟಗೊಡದೆ, ಊರು ಬಿಡಿಸಿದ್ದೆ. ನಾಚಿಕೆಯಿಂದ ಮೈ ಹಿಡಿಯಾಯಿತು.

"ಇವತ್ತೇ ಮನೆಗೆ ಹೋಗೋಣ ನಡೀರಿ ಮಾವ, ನಂದು ತಪ್ಪಾಯ್ತು. ಕೆಮ್ಮಿಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ?" ಎಂದೆ.

ಅವರ ಮುಖವೂ ಕೆಂಪಾಯಿತು. ಮಫ್ಲರಿನ ತುದಿ ತಿರುವುತ್ತಾ, "ಅದನ್ನ ಹೆಂಗವ್ವ ಹೇಳದು? ಮಂಜಂಗೆ ಅವಮಾನ" ಎಂದರು. ಆಮೇಲೆ, "ಈಗ ಕೂಸನ್ನ ಎತ್ಕೊಂಡು ಆಡಿಸ್ತಾನಾ?" ಎಂದು ಕೇಳಿದರು.

"ದಿನಾ ಎತ್ಕೊಂಡಿರ್ತಾರೆ. ಇಳಿಸೋದೇ ಇಲ್ಲ."

"ಹಂಗಾರೆ ಇನ್ನೊಂದು ವಾರ ಆಡಿಸ್ಲಿ ತಗಾ. ಆಮ್ಯಾಲೆ ಬರ್ತಿನಿ" ಎಂದು ನಕ್ಕರು. ನಾನು ಒತ್ತಾಯ ಮಾಡಿದೆ, ಕೇಳಲಿಲ್ಲ.

ಮನೆಗೆ ಬಂದವಳೇ ಇವರನ್ನು ತರಾಟೆಗೆ ತೆಗೆದುಕೊಂಡೆ. "ನಿಮಗೆ ಗೊತ್ತಿತ್ತೇನ್ರೀ?" ಇವರು ಕಿವಿ ಕೆರೆದುಕೊಂಡರು. "ಗೊತ್ತಿತ್ತು ಕಣೇ. ಹೇಳೋಕೆ ಒಂಥರಾ ನಾಚ್ಕೆ ಆಯ್ತು." ಅಪ್ಪನಿಗೂ ನಾಚಿಕೆ, ಮಗನಿಗೂ ನಾಚಿಕೆ. ನನಗಾದರೂ ಸ್ವಲ್ಪ ಮೊದಲೇ ಆಗಬಾರದಿತ್ತೇ?

ಆ ವಾರ ಮುಗಿಯುವ ಮುಂಚೆ ವೇಣಿಯ ಫೋನು ಬಂತು. ಬೆಳಗ್ಗೆ ಕಾಫಿ ಕೊಡಲು ಹೋದರೆ ಮಾವ ಏಳಲಿಲ್ಲವಂತೆ.

ಮಧ್ಯಾಹ್ನ ವ್ಯಾನು ಬಂತು. ಗೇಟು ತೆರೆಯಿತು, ಯಾರೂ ಕೆಮ್ಮಲಿಲ್ಲ. ನೆಂಟರು ಮಾವನನ್ನು ಜಗಲಿಯ ಆ ಮೂಲೆಗೆ ಒಯ್ಯುತ್ತಿದ್ದರು. "ಅಲ್ಲಿ ಬೇಡ, ಬಾಗಿಲ ಹತ್ತಿರ ಕೂರಿಸಿ" ಎಂದು ಕೂಗಿಕೊಂಡೆ. ನಮ್ಮವರ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದರು, ಹಣೆಗೆ ವಿಭೂತಿ ಹಚ್ಚಿದರು. ಗದ್ದಲಕ್ಕೆ ಹೆದರಿ ಅಳುತ್ತಿದ್ದ ತೇಜುವನ್ನು ಎತ್ತಿಕೊಂಡು ಇವರು ಒಳಗಿನಿಂದ ಬಂದರು. ಎದುರಿಗೆ ಅಪ್ಪ ಕೂತಿದ್ದರು. ಇವರು ಗಕ್ಕನೆ ನಿಂತು, ಅಭ್ಯಾಸಬಲದಿಂದ ಬಗ್ಗಿ ಮಗುವನ್ನು ಕೆಳಗಿಳಿಸಹೋದರು.

ನಾನು ಅವರ ರಟ್ಟೆ ಹಿಡಿದುಕೊಂಡೆ.

"ಇಳಿಸಬೇಡ್ರೀ" ಎಂದೆ. "ನೋಡ್ಲಿ."