ಫರೀದಾ ಆಂಟಿಯ ಬಾಗಿಲು

ಇವತ್ತು ಇಲ್ಲಿ, ಇಂಗ್ಲಿಷರ ನಾಡಿನ ಹೇಸ್ ಊರಿನ ಅಂಗಡಿಯಲ್ಲಿ ಪುದೀನಾ ಕಟ್ಟನ್ನು ಮೂಗಿಗೆ ಹಿಡಿದೆ. ಚಿಕ್ಕಂದಿನಲ್ಲಿ ನನ್ನ ಬಾಯಿ ಮುಚ್ಚಿದ್ದ ಅಂಗೈಯೊಂದು ನೆನಪಾಯಿತು.

ಇಲ್ಲಿಯ ಶಾಲೆಯಲ್ಲಿ ಯಾವುದಾದರೂ ದೇಶದ ಬಗ್ಗೆ ಬರೆದು ತರಲು ಹೇಳಿದ್ದರು. ಪಕ್ಕದ ಮನೆಯ ಫರೀದಾ ಆಂಟಿ ಅಲ್ಜೀರಿಯಾದವರು. ಚಹಾಕ್ಕೆ ಪುದೀನಾ ಬಿಡಿಸುತ್ತಲೇ ಹೇಳಿದರು: ರಾಜಧಾನಿ ಅಲ್ಜೀರ್ಸ್, ನೆಲದ ಬಹುಪಾಲು ಸಹಾರಾ, ನೂರಕ್ಕೂ ಹೆಚ್ಚು ವರ್ಷ ಫ್ರೆಂಚರ ಆಳ್ವಿಕೆ, ಹೋರಾಡಿ ಪಡೆದ ಸ್ವಾತಂತ್ರ್ಯ.

"ಆಮೇಲೆ?" ಎಂದೆ.

ಅಷ್ಟರಲ್ಲಿ ಬಾಗಿಲು ಧಡ್ ಧಡ್ ಎಂದಿತು. ಆಂಟಿ ನನ್ನನ್ನು ಮೇಜಿನ ಕೆಳಗೆ ಎಳೆದುಕೊಂಡು ಬಾಯಿ ಮುಚ್ಚಿದರು. ಅವರ ಎದೆಬಡಿತ ನನ್ನ ಬೆನ್ನಿಗೆ ತಾಗುತ್ತಿತ್ತು. ಯಾರೋ ನಮ್ಮನ್ನು ಕೊಲ್ಲಲು ಬಂದಿದ್ದಾರೆ ಎಂದುಕೊಂಡೆ.

"ಸುಧಾ, ಬಾಗಲಾ ತಗೀವಾ! ಎರಡೂ ಕೈಯಾಗ ಪಾತೇಲಿ ಹಿಡ್ಕೊಂಡೀನಿ!"

ನಮ್ಮ ಧಾರವಾಡದ ಅಮ್ಮ! ಆಂಟಿ ಕೊಟ್ಟ ಪಾತ್ರೆಗಳನ್ನು ಖಾಲಿ ಮರಳಿಸಬಾರದೆಂದು ಉಪ್ಪಿಟ್ಟು, ಶಿರಾ ತುಂಬಿ ತಂದು, ಮೊಣಕೈಯಿಂದ ಬಾಗಿಲು ಗುದ್ದುತ್ತಿದ್ದಳು.

ಸ್ವಾತಂತ್ರ್ಯದ ನಂತರ ಅಲ್ಲಿ ಎದ್ದ ಅಂತರ್ಯುದ್ಧದಲ್ಲಿ ಆಂಟಿಯ ಅಣ್ಣನನ್ನು ಬಂದೂಕಿನವರು ಹೀಗೆಯೇ ಬಾಗಿಲು ಗುದ್ದಿ ಕರೆದೊಯ್ದಿದ್ದರಂತೆ. ಅವನು ಮರಳಲಿಲ್ಲ. ನನ್ನ "ಆಮೇಲೆ"ಗೆ ಉತ್ತರ ಅದು. ಮುಂದೆ ಅಮ್ಮ ಗೇಟಿನಿಂದಲೇ "ಫರೀದಾ, ಇಟ್ಸ್ ಮಿ!" ಎಂದು ಕೂಗಿಕೊಂಡೇ ಹೋಗುತ್ತಿದ್ದಳು.

ಈಗ ಚೀಲಗಳನ್ನು ಹಿಡಿದು ಮನೆ ತಲುಪಿದೆ. ಒಳಗೆ ಮಗಳೊಬ್ಬಳೇ ಇದ್ದಳು. ಬಾಗಿಲಿಗೆ ಎತ್ತಿದ ಮೊಣಕೈಯನ್ನು ಇಳಿಸಿ, ಮೊದಲು "ನಾನು, ಅಮ್ಮ!" ಎಂದು ಕೂಗಿದೆ.